ಐದನೆಯ ಹಳದಿ

ಮಾರ್ಚ್ 4

ಮುದ್ರಣಾಲಯದ ಮೆಷಿನ್ ವಿಭಾಗದವರಿಗೆ,

ಕಳೆದ ಆಗಸ್ಟ್‌ನಲ್ಲಿ ನೀವು ಅಚ್ಚು ಮಾಡಿ ಕಳಿಸಿದ ಕಾಮಾಲೆ ಕಾರ್ಡಿನ ಬಗ್ಗೆ ಈ ಪತ್ರ.

ಕಾರ್ಡನ್ನು ನಾವು ಹೇಗೆ ಬಳಸುತ್ತೇವೆ ಎಂಬುದು ನಿಮಗೆ ತಿಳಿದಿರಲಿ. ಹಸುಗೂಸಿನ ಮೂಗಿನ ತುದಿಯನ್ನು ಬೆರಳಿನಿಂದ ಒತ್ತಿ ಬಿಡುತ್ತೇವೆ. ರಕ್ತ ಸರಿದ ಆ ಒಂದು ಗಳಿಗೆ ಚರ್ಮದ ನಿಜವಾದ ಬಣ್ಣ ಕಾಣುತ್ತದೆ. ಅದನ್ನು ಕಾರ್ಡಿನ ಐದು ಹಳದಿ ಚೌಕಗಳಿಗೆ ಹೋಲಿಸಿ ನೋಡುತ್ತೇವೆ. ಒಂದು, ಎರಡು ಆದರೆ ಹಾಲು ಕುಡಿಸುತ್ತಿರಿ ಎನ್ನುತ್ತೇವೆ. ಮೂರಾದರೆ ಎರಡು ದಿನ ಬಿಟ್ಟು ನೋಡುತ್ತೇವೆ. ನಾಲ್ಕಾದರೆ ಮರುದಿನ ಬೆಳಗ್ಗೆ ಮತ್ತೆ ಕರೆಸುತ್ತೇವೆ. ಐದಾದರೆ ಒಂದು ಗಂಟೆಯೂ ಕಾಯದೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇವೆ. ನಮ್ಮಲ್ಲಿ ರಕ್ತ ಪರೀಕ್ಷೆಯ ಯಂತ್ರವಿಲ್ಲ. ಇರುವುದು ಈ ಕಾರ್ಡು ಮತ್ತು ಕಿಟಕಿಯ ಬೆಳಕು.

ಐದನೆಯ ಚೌಕವನ್ನು ಯಾವ ಶಾಯಿಯಲ್ಲಿ ಅಚ್ಚು ಮಾಡಿದ್ದೀರಿ? ಹಾಳೆಯನ್ನು ಪಾಸು ಮಾಡಿದವರು ಯಾರು? ಯಾವ ಬೆಳಕಿನಲ್ಲಿ ನೋಡಿ ಪಾಸು ಮಾಡಿದರು? ತಡಮಾಡದೆ ಉತ್ತರಿಸಬೇಕು.

ಇಂತಿ,
ದಾದಿ, ತಾಯಿ-ಮಗುವಿನ ಆರೋಗ್ಯ ಕೇಂದ್ರ


ಮಾರ್ಚ್ 11

ಮಗಳೇ,

ಆಫೀಸಿನ ಗುಮಾಸ್ತ ಲಕೋಟೆಯನ್ನು ಮೆಷಿನ್ನಿನ ಮೇಲಿಟ್ಟು, "ಯಾರೋ ನರ್ಸಮ್ಮ ನಿಮ್ಮನ್ನ ಬೆಂಡೆತ್ತಿದಾರೆ ನೋಡಿ ಮೇಸ್ತ್ರಿ" ಅಂದ. ಅಕ್ಷರ ನೋಡಿದ ಕೂಡಲೇ ನಿನ್ನದೆಂದು ತಿಳಿಯಿತು. ಮೆಷಿನ್ ನಿಲ್ಲಿಸಿದೆ. ಮೂವತ್ತೈದು ವರ್ಷದಲ್ಲಿ ಓಡುವ ಮೆಷಿನ್ನನ್ನು ಪತ್ರ ಓದಲಿಕ್ಕೆ ನಿಲ್ಲಿಸಿದ್ದು ಇದೇ ಮೊದಲು.

ಆರು ವರ್ಷದ ಮೇಲೆ ಬಂದ ಪತ್ರಕ್ಕೆ "ಮೆಷಿನ್ ವಿಭಾಗದವರಿಗೆ" ಅಂತ ತಲೆಬರಹ! ನಾನು ಯಾವಾಗ ವಿಭಾಗ ಆದೆ? ನಿನಗೆ ಯಾವಾಗಿನಿಂದ "ನೀವು" ಆದೆ? ಎರಡು ವರ್ಷದವಳಿದ್ದಾಗ "ಏ ಅಪ್ಪಾ, ಬಾರೋ ಇಲ್ಲಿ" ಅಂತಿದ್ದವಳು ನೀನು. ಇರಲಿ, ಬೈದಾದರೂ ಬರೆದೆಯಲ್ಲ, ಅಷ್ಟು ಸಾಕು ನನಗೆ.

ನಿನ್ನಮ್ಮ ಪತ್ರವನ್ನು ಮೂರು ಸಲ ಓದಿ, ಅದರಲ್ಲಿ ತನ್ನ ಸುದ್ದಿ ಎಲ್ಲೂ ಇಲ್ಲವೆಂದು ಮುಖ ಊದಿಸಿಕೊಂಡು ಕೂತಿದ್ದಾಳೆ. ಈಗೀಗ ಅವಳಿಗೆ ಬಟ್ಟೆ ಒಗೆಯುವುದರಲ್ಲೂ ಉದಾಸೀನ. ನನ್ನ ಬಿಳಿ ಅಂಗಿಗಳೆಲ್ಲ ಹಳೇ ಪುಸ್ತಕದ ಹಾಳೆಯ ಹಾಗೆ ಹಳದಿ ತಿರುಗಿವೆ. ಹೇಳಿದರೆ, "ಮೊದ್ಲು ನಿಮ್ಮ ಕಣ್ಣು ತೊಳ್ಕೊಂಡು ಬನ್ನಿ" ಅನ್ನುತ್ತಾಳೆ.

ಇನ್ನು ನಿನ್ನ ಸವಾಲಿಗೆ ಜವಾಬು. ಐದೂ ಚೌಕಕ್ಕೆ ಮಾಮೂಲಿ ನಾಲ್ಕು ಶಾಯಿಯೇ, ನೀಲಿ, ಕೆಂಪು, ಹಳದಿ, ಕಪ್ಪು. ಹಾಳೆ ಪಾಸು ಮಾಡಿ ಸಹಿ ಹಾಕಿದ್ದು ನಾನೇ. ಬೆಳಕು ಅದೇ ಹಳೇ ಮೇಜಿನ ಮೇಲಿನ ಟ್ಯೂಬ್‌ಲೈಟಿನದು, ನಿನಗೆ ಗೊತ್ತಿರುವುದೇ. ನನ್ನ ಕಣ್ಣಿನ ಕೆಳಗೆ ಹಾದುಹೋದ ಹಾಳೆಯನ್ನು ಇವತ್ತಿನವರೆಗೆ ಯಾರೂ ವಾಪಸು ಕಳಿಸಿಲ್ಲ. ಕಾರ್ಡಿನಲ್ಲಿ ತಪ್ಪಿಲ್ಲ. ಹೋಲಿಸಿ ನೋಡುವ ಹುಡುಗಿಯರು ಅವಸರದಲ್ಲಿ ನೋಡುತ್ತಾರೋ ಏನೋ.

ಫೋನು ಮಾಡೋಣವೆಂದರೆ ಮೆಷಿನ್ನಿನ ಸದ್ದಿಗೆ ನನ್ನ ಕಿವಿ ಹೋಗಿದೆ. ನೀನು ಹೇಳಿದ್ದು ನನಗೆ ಕೇಳುವುದಿಲ್ಲ, ನಾನು ಕೂಗಿದ್ದು ಬೀದಿಗೆಲ್ಲ ಕೇಳುತ್ತದೆ. ಪತ್ರವೇ ಬರೆ. ಊಟ ಸರಿಯಾಗಿ ಮಾಡುತ್ತೀಯಾ?

ನಿನ್ನ ಅಪ್ಪ


ಮಾರ್ಚ್ 19

ಅಪ್ಪನಿಗೆ,

ನಾನು ಬರೆದದ್ದು ಮನೆ ಸಮಾಚಾರಕ್ಕಲ್ಲ. ಅಮ್ಮನಿಗೆ ಬೇರೆಯಾಗಿ ಬರೆಯುತ್ತೇನೆ.

ಹಳೆಯ ಕಾರ್ಡು ಅಚ್ಚಾದಾಗ ಐದನೆಯ ಚೌಕಕ್ಕೆಂದೇ ನೀವು ಬೇರೆ ಶಾಯಿ ಕಲಸಿದ್ದಿರಿ. ಮಾಮೂಲಿ ನಾಲ್ಕರ ಜೊತೆಗೆ ಅದೊಂದು ಐದನೆಯ ಶಾಯಿ. ನನಗೆ ಚೆನ್ನಾಗಿ ನೆನಪಿದೆ, ಪಕ್ಕದಲ್ಲೇ ನಿಂತಿದ್ದೆ. ಹೊಸ ಕಾರ್ಡಿನಲ್ಲಿ ಆ ಶಾಯಿ ಯಾಕಿಲ್ಲ?

ಏಳು ತಿಂಗಳಿಂದ ಹೊಸ ಕಾರ್ಡು ಹಿಡಿದು ನೂರಾರು ಕೂಸುಗಳನ್ನು ನೋಡಿದ್ದೇನೆ. ಒಂದೂ ಐದಕ್ಕೆ ಹೊಂದಿಲ್ಲ. ನಾವು ದಾದಿಯರೆಲ್ಲ ಖುಷಿಪಟ್ಟೆವು, ಈ ವರ್ಷ ಮಕ್ಕಳು ಗಟ್ಟಿ ಎಂದು. ಈಗ ಎರಡೂ ಕಾರ್ಡು ಕಿಟಕಿಯಲ್ಲಿ ಹಿಡಿದರೆ ಹೊಸದರ ಐದನೆಯದು ಹಳದಿಯೇ ಅಲ್ಲ, ಇಟ್ಟಿಗೆಯ ಕಡೆಗೆ ಹೊರಳಿದೆ. ಆ ಬಣ್ಣಕ್ಕೆ ಯಾವ ಮಗುವಿನ ಚರ್ಮವೂ ತಿರುಗುವುದಿಲ್ಲ. ಹಾಗಾಗಿ ನಿಜವಾಗಿ ಐದರಲ್ಲಿರುವ ಮಗು ನಿಮ್ಮ ಕಾರ್ಡಿನಲ್ಲಿ ನಾಲ್ಕಕ್ಕೇ ಹತ್ತಿರ ಕಾಣುತ್ತದೆ.

ಹಳೆಯದೊಂದು, ಹೊಸದೊಂದು ಕಾರ್ಡು ಇಟ್ಟಿದ್ದೇನೆ. ಟ್ಯೂಬ್‌ಲೈಟಿನ ಕೆಳಗಲ್ಲ, ಹೊರಗೆ ನೆರಳಿನಲ್ಲಿ ನಿಂತು ನೋಡಿ. ನೋಡಿದ ಮೇಲೆ ಬರೆಯಿರಿ.

ಮಗಳು


ಏಪ್ರಿಲ್ 1

ಮಗಳೇ,

ನೋಡಿದೆ. ಹಿತ್ತಿಲ ಬಾಗಿಲಲ್ಲಿ ನಿಂತು ನೋಡಿದೆ, ಪ್ರೆಸ್ಸಿನ ಮಹಡಿ ಮೇಲೆ ನೋಡಿದೆ. ಹಳೆಯ ಐದಕ್ಕೂ ಹೊಸ ಐದಕ್ಕೂ ನೀನು ಹೇಳುವಂಥ ಅಂತರ ನನಗೆ ಕಾಣಲಿಲ್ಲ. ಇಟ್ಟಿಗೆಯಂತೆ! ಬಣ್ಣಕ್ಕೆ ಹೆಸರಿಡುವುದು ಸುಲಭ, ಅಚ್ಚು ಮಾಡಿ ನೋಡಿದರೆ ಗೊತ್ತಾಗುತ್ತದೆ.

ನಾಲ್ಕು ಶಾಯಿಯ ಕೆಲಸಕ್ಕೆ ಒಂದು ಎಲ್ಲೆ ಇದೆ. ಹಳದಿ ಚುಕ್ಕಿ ಸಣ್ಣದಾದರೆ ತಿಳಿ, ದೊಡ್ಡದಾದರೆ ಗಾಢ. ನೂರಕ್ಕೆ ನೂರು ಕೊಟ್ಟರೆ ಕಾಗದ ಪೂರ್ತಿ ಮುಚ್ಚಿತು, ಅಲ್ಲಿಂದಾಚೆ ಹಳದಿ ಎಂಬುದೇ ಇಲ್ಲ. ನಾಲ್ಕನೆಯ ಚೌಕಕ್ಕೇ ತೊಂಬತ್ತೈದು ಹೋಗಿತ್ತು. ಐದನೆಯದನ್ನು ಅದರಿಂದ ಬೇರೆಯಾಗಿ ತೋರಿಸಬೇಕಲ್ಲ, ಅದಕ್ಕೆ ಕೆಂಪು ಚುಕ್ಕಿ ಸೇರಿಸಿದೆ. ಲೋಕದ ಅರ್ಧ ಬಣ್ಣಗಳು ಹೀಗೇ ಹುಟ್ಟುವುದು. ಚಿಕ್ಕ ಯಜಮಾನರು ನೋಡಿದರು, ಕಾರ್ಡು ಮಾಡಿಸಿದ ಕಚೇರಿಯವರೂ ನೋಡಿದರು, ಯಾರೂ ಚಕಾರ ಎತ್ತಲಿಲ್ಲ.

ನಿನ್ನ ಸಿಟ್ಟು ಕಾರ್ಡಿನ ಮೇಲಲ್ಲ ಅನ್ನುವುದು ನನಗೆ ಗೊತ್ತು. ಮೆಷಿನ್ನಿನ ಕೆಲಸಕ್ಕೆ ನಿನ್ನಣ್ಣನನ್ನು ಹಾಕಿಕೊಂಡೆ, ನಿನ್ನನ್ನು ಹಾಕಿಕೊಳ್ಳಲಿಲ್ಲ. ಹೆಣ್ಣುಮಗಳು ರೋಲರಿನ ಸಂದಿಗೆ ಕೈ ಹಾಕುವುದು ಬೇಡ ಅಂದೆ. ಹೆತ್ತ ಅಪ್ಪ ಇನ್ನೇನು ಹೇಳಬೇಕಿತ್ತು? ಅವನು ವರ್ಷ ತುಂಬುವ ಮೊದಲೇ ಬಿಟ್ಟು ಲಾರಿ ಹತ್ತಿದ, ಅದು ಬೇರೆ ಮಾತು. ಅಷ್ಟಕ್ಕೆ ನೀನು ಪೆಟ್ಟಿಗೆ ಕಟ್ಟಿ ಹೊರಟವಳು ಒಂದು ಸಾಲು ಬರೆಯಲಿಲ್ಲ. ಈಗ ನನ್ನ ಮೂವತ್ತೈದು ವರ್ಷದ ಕಣ್ಣಿಗೆ ತಪ್ಪು ಹುಡುಕುತ್ತೀಯಾ?

ಇಷ್ಟು ಬರೆದು ಪೆನ್ನು ಕೆಳಗಿಟ್ಟಿದ್ದೆ. ಅಮ್ಮ ಓದಿ, "ಸುಮ್ನೆ ಜಗಳಕ್ಕೆ ಬರ್ದಿರೋ ಕಾಗ್ದ ಅಲ್ಲ ಅದು, ಏನೋ ಆಗಿದೆ, ಕೇಳಿ" ಅಂದಳು. ಏನಾಗಿದೆ ಮಗಳೇ? ಹೇಳು.

ಅಪ್ಪ


ಏಪ್ರಿಲ್ 9

ಅಪ್ಪನಿಗೆ,

ಕೇಳಿದಿರಿ, ಹೇಳುತ್ತೇನೆ.

ಫೆಬ್ರವರಿ ಹದಿನೆಂಟು, ಮಧ್ಯಾಹ್ನ ಮೂರು ಗಂಟೆ. ನಾಲ್ಕು ದಿನದ ಗಂಡುಮಗು. ತಾಯಿ ನಮ್ಮ ಕೇಂದ್ರದಿಂದ ಎರಡು ಬೀದಿ ಆಚೆ ಬಟ್ಟೆ ಹೊಲಿಯುವವಳು. ಚೊಚ್ಚಲು. "ಹಾಲು ಸರಿಯಾಗಿ ಕುಡೀತಿಲ್ಲ ಸಿಸ್ಟರ್, ಬರೀ ನಿದ್ದೆ" ಅಂದಳು. ಕಿಟಕಿಯ ಹತ್ತಿರ ಕರೆದೊಯ್ದು ಮೂಗು ಒತ್ತಿ ಬಿಟ್ಟೆ. ನನ್ನ ಕಣ್ಣು ಐದು ಅಂದಿತು. ತಡವರಿಸದೆ ಅಂದಿತು.

ಆಮೇಲೆ ಕಾರ್ಡು ಹಿಡಿದೆ. ಐದನೆಯ ಚೌಕಕ್ಕೆ ಅದು ಹೊಂದಲೇ ಇಲ್ಲ. ನಾಲ್ಕಕ್ಕೆ ಹೊಂದಿತು. ಇನ್ನೊಮ್ಮೆ ಒತ್ತಿದೆ, ಮತ್ತೆ ನಾಲ್ಕೇ. ಕಾರ್ಡನ್ನು ಬೇರೆ ಯಾರಾದರೂ ಮಾಡಿದ್ದರೆ ನಾನು ಅದನ್ನು ಮೂಲೆಗೆ ಬಿಸಾಡಿ ಮಗುವನ್ನು ಕಳಿಸಿಬಿಡುತ್ತಿದ್ದೆ. ಆದರೆ ಕಾರ್ಡಿನ ಅಂಚಿನಲ್ಲಿ ಮೂರು ಸಣ್ಣ ಗೆರೆಗಳಿದ್ದವು. ನೀವು ಅಚ್ಚಿನ ಪ್ಲೇಟಿನ ಮೂಲೆಯಲ್ಲಿ ಸೂಜಿಯಿಂದ ಗೀರುವ ನಿಮ್ಮ ಗುರುತು. ಬಂಡಲು ಬಂದ ಮೊದಲ ದಿನವೇ ನೋಡಿ ಯಾರಿಗೂ ಹೇಳದೆ ಅದರ ಮೇಲೆ ಬೆರಳಾಡಿಸಿದ್ದೆ. ಅಪ್ಪ ಪಾಸು ಮಾಡಿದ ಬಣ್ಣ ತಪ್ಪಾಗುವುದಿಲ್ಲ, ತಪ್ಪಿದ್ದು ನನ್ನ ಕಣ್ಣೇ ಎಂದುಕೊಂಡೆ. "ನಾಳೆ ಬೆಳಗ್ಗೆ ಕರ್ಕೊಂಡ್ ಬಾಮ್ಮಾ" ಎಂದು ಕಳಿಸಿದೆ.

ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದಳು. ಮಗು ಬೆನ್ನು ಹಿಂದಕ್ಕೆ ಬಿಲ್ಲಾಗಿ ಬಾಗಿಸಿ ಕೀರಲು ದನಿಯಲ್ಲಿ ಅಳುತ್ತಿತ್ತು. ಆ ಅಳು ಏನೆಂದು ನಮಗೆ ಪಾಠ ಮಾಡಿರುತ್ತಾರೆ. ದೊಡ್ಡ ಆಸ್ಪತ್ರೆಯಲ್ಲಿ ಮೈಯ ರಕ್ತವನ್ನೆಲ್ಲ ಬದಲಿಸಿದರು. ಜೀವ ಉಳಿದಿದೆ. ಮಿದುಳಿಗೆ ಎಷ್ಟು ಪೆಟ್ಟಾಗಿದೆ ಎಂದು ಹೇಳಲು ತಿಂಗಳುಗಳು ಬೇಕಂತೆ. ತಾಯಿ ನನ್ನ ಕೈ ಹಿಡಿದು, "ನೀವಿಲ್ದಿದ್ರೆ ನನ್ ಮಗ ಉಳೀತಿರ್ಲಿಲ್ಲ" ಎಂದು ಅತ್ತಳು.

ನೀವು ನನ್ನ ಕಣ್ಣನ್ನು ನಂಬಲಿಲ್ಲ ಎಂದು ನಾನು ಮನೆ ಬಿಟ್ಟೆ. ಆ ದಿನ ನಾನೂ ನಂಬಲಿಲ್ಲ.

ಮೇಲಿನವರಿಗೆ ಎರಡು ಸಲ ಬರೆದೆ. ಒಂದು ಕೇಂದ್ರದ ದೂರಿಗೆ ಕಾರ್ಡು ವಾಪಸು ತರಿಸಲಾಗದು ಎಂದರು. ಇದೇ ಕಾರ್ಡು ಇನ್ನೂ ಮುನ್ನೂರ ಹನ್ನೆರಡು ಕೇಂದ್ರಗಳಲ್ಲಿದೆ. ನೀವು ಈ ಪತ್ರ ಓದುತ್ತಿರುವ ಹೊತ್ತಿಗೂ ಎಲ್ಲೋ ಒಬ್ಬಳು ಮೂಗು ಒತ್ತಿ, "ನಾಲ್ಕು, ನಾಳೆ ಬನ್ನಿ" ಅನ್ನುತ್ತಿರುತ್ತಾಳೆ. ನನಗೆ ಏನು ಮಾಡಬೇಕೆಂದೇ ತೋಚುತ್ತಿಲ್ಲ.

ಮಗಳು


ಏಪ್ರಿಲ್ 16

ಮಗಳೇ,

ಬರೆಯಲು ಕೂತೆ. ಆಗಲಿಲ್ಲ. ಮಗು ಹೇಗಿದೆ ಅಷ್ಟು ತಿಳಿಸು.

ಅಪ್ಪ


ಏಪ್ರಿಲ್ 29

ಮಗಳೇ,

ನೀನು ಉತ್ತರ ಬರೆದಿಲ್ಲ. ಬರೆಯಬೇಕಾದವನು ನಾನೇ.

ಹೋದ ವಾರ ಅಮ್ಮ ಅಂಗಡಿಯಿಂದ ಹೊಸ ಬಿಳಿ ಅಂಗಿಯೊಂದನ್ನು ತಂದು ನನ್ನ ಹಳೆಯದರ ಪಕ್ಕ ಮಂಚದ ಮೇಲೆ ಹರಡಿದಳು. "ಯಾವ್ದು ಹೊಸದು, ಮುಟ್ದೆ ಹೇಳಿ" ಅಂದಳು. ನನಗೆ ಎರಡೂ ಹಳದಿ. ತಪ್ಪಾಗಿ ಹಳೆಯದನ್ನು ತೋರಿಸಿದೆ. ಅವಳು ನಗಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಎರಡೂ ಕಣ್ಣಿಗೆ ಪೊರೆ ಬಲಿತಿದೆಯಂತೆ. "ನಾಲ್ಕೈದು ವರ್ಷದಿಂದ ನೀವು ಪ್ರಪಂಚಾನ ಚಹಾದ ನೀರಿನೊಳಗಿಂದ ನೋಡ್ತಿದ್ದೀರಿ ಯಜಮಾನ್ರೇ" ಅಂದರು. ಜೂನ್ ಕೊನೆಗೆ ಆಪರೇಷನ್ನು.

ಡಾಕ್ಟರು ಹೇಳಿದ ಮೇಲೆ ಗೊತ್ತಾಯಿತು ಅಂತ ಬರೆದರೆ ಅದೂ ಸುಳ್ಳೇ. ನನಗೆ ಗೊತ್ತಿತ್ತು ಮಗಳೇ. ಪೊರೆ ಅಂತ ಗೊತ್ತಿರಲಿಲ್ಲ, ಕಣ್ಣು ಕೈಕೊಡುತ್ತಿದೆ ಅಂತ ಗೊತ್ತಿತ್ತು. ಕಳೆದ ಜುಲೈನಲ್ಲಿ ಕಾರ್ಡಿನ ಕೆಲಸ ಮತ್ತೆ ಬಂದಾಗ ಐದನೆಯ ಶಾಯಿ ಕಲಸಲು ಕೂತೆ. ಹಳೆಯ ಅಳತೆ ಬರೆದಿಟ್ಟ ಡಬ್ಬಿಯ ಮುಚ್ಚಳ ಯಾವತ್ತೋ ಕಳೆದಿತ್ತು. ಮೂರು ಸಲ ಬೇರೆ ಬೇರೆಯಾಗಿ ಕಲಸಿ ಗಾಜಿನ ಮೇಲೆ ಸಾಲಾಗಿ ಎಳೆದೆ. ಮೂರೂ ಒಂದೇ ಥರ ಕಂಡವು. ಬಣ್ಣ ಗುರುತಿಸಲಾಗದ ಮೆಷಿನ್‌ಮನ್ನಿನಿಂದ ಯಾರಿಗೇನು ಉಪಯೋಗ? ಗಾಜು ಒರೆಸಿ, ಕೈ ತೊಳೆದು, ಚಿಕ್ಕ ಯಜಮಾನರ ಕೋಣೆಗೆ ಹೋಗಿ, "ಐದನೇ ಶಾಯಿ ಯಾಕೆ ದಂಡ, ನಾಲ್ಕರಲ್ಲೇ ತರ್ತೀನಿ" ಅಂದೆ. ನಾಲ್ಕು ಶಾಯಿಯಲ್ಲಾದರೆ ಕಲಸುವುದಿಲ್ಲ, ಹೋಲಿಸುವುದಿಲ್ಲ, ಹಳದಿ ಇಷ್ಟು ಕೆಂಪು ಇಷ್ಟು ಅಂತ ಅಂಕಿ ಕೊಟ್ಟರೆ ಮುಗಿಯಿತು. ಆ ಅಂಕಿಗಳ ಹಿಂದೆ ಅಡಗಿ ಕೂತೆ. ನಾಲ್ಕು ಶಾಯಿಗೆ ಆ ಬಣ್ಣ ಎಟುಕುವುದಿಲ್ಲ ಅಂತ ಗೊತ್ತಿದ್ದೂ ಸಹಿ ಹಾಕಿದೆ. ಮೂರು ಗೆರೆಯನ್ನೂ ಗೀರಿದೆ.

ಇನ್ನೊಂದು ಮಾತು ಇದೆ, ಅದನ್ನು ಬರೆಯಲು ನಿನ್ನೆಯಿಂದ ಕೈ ಬರುತ್ತಿಲ್ಲ. ಹಳೆಯ ಕಾರ್ಡಿನ ಐದನೆಯ ಹಳದಿ ನನ್ನದಲ್ಲ. ನೀನು ಆಗ ಹದಿನೆಂಟರವಳು. ನಾನು ಕಲಸಿದ್ದನ್ನು ನೋಡಿ, "ಇನ್ನೂ ತಣ್ಣಗಿದೆ ಅಪ್ಪಾ, ಚೂರು ಬಿಸಿ ಮಾಡು" ಅಂದೆ. ನಾನು ಕಿತ್ತಳೆ ಶಾಯಿಯನ್ನು ಚಾಕುವಿನ ತುದಿಯಷ್ಟು ಸೇರಿಸಿದೆ. ನೀನು "ಈಗ ಸರಿ" ಅಂದೆ. ನನಗೆ ಆಗಲೇ ಅಷ್ಟು ಸೂಕ್ಷ್ಮ ಕಾಣುತ್ತಿರಲಿಲ್ಲ. ಕಣ್ಣು ನಿನ್ನದು, ಸಹಿ ನನ್ನದು. ಮಾರನೇ ವರ್ಷ ನೀನು ಮೆಷಿನ್ನಿಗೆ ಬರುತ್ತೇನೆ ಅಂದಾಗ ರೋಲರಿನ ನೆಪ ಹೇಳಿದೆ. ಪಕ್ಕದಲ್ಲಿ ನೀನು ನಿಂತರೆ ನನಗಿಂತ ಚೆನ್ನಾಗಿ ನೋಡುತ್ತೀಯ ಎಂಬ ಹೊಟ್ಟೆಯುರಿ ನನಗೆ. ಮಗಳ ಮೇಲೆ ಹೊಟ್ಟೆಯುರಿ. ಬರೆದುಬಿಟ್ಟೆ.

ಚಿಕ್ಕ ಯಜಮಾನರಿಗೆ ಎಲ್ಲ ಹೇಳಿದೆ. "ಕಣ್ ಕಾಣ್ದೆ ಇಷ್ಟ್ ದಿನ ಮೆಷಿನ್ ಓಡಿಸ್ತಿದ್ರಾ ಮೇಸ್ತ್ರಿ?" ಅಂತ ತಲೆ ಮೇಲೆ ಕೈಹೊತ್ತು ಕೂತರು. ಕೊನೆಗೆ ಹೊಸ ಕಾರ್ಡು ಅಚ್ಚು ಮಾಡಲು ಒಪ್ಪಿದ್ದಾರೆ. ಅದು ನನ್ನ ಕೊನೆಯ ಕೆಲಸ. ಮುನ್ನೂರ ಹನ್ನೆರಡು ಕೇಂದ್ರಗಳ ವಿಳಾಸ ಗುಮಾಸ್ತನ ಹತ್ತಿರವಿತ್ತು. ಈಗಿರುವ ಕಾರ್ಡು ಬಳಸಬೇಡಿ, ಬಳಸಲೇಬೇಕಾದರೆ ನಾಲ್ಕು ಕಂಡರೂ ಐದು ಎಂದೇ ತಿಳಿಯಿರಿ ಅಂತ ದಿನಕ್ಕೆ ಇಪ್ಪತ್ತು ಪತ್ರ ಕೈಯಾರೆ ಬರೆಯುತ್ತಿದ್ದೇನೆ. ಅಮ್ಮ ಲಕೋಟೆ ಅಂಟಿಸುತ್ತಾಳೆ. ಯಾರು ಓದುತ್ತಾರೋ, ಯಾರು ಒಲೆಗೆ ಹಾಕುತ್ತಾರೋ.

ಆದರೆ ಐದನೆಯ ಶಾಯಿ ಕಲಸುವವರು ಯಾರೂ ಇಲ್ಲ. ನನ್ನಿಂದಾಗುವುದಿಲ್ಲ. ಒಂದು ದಿನದ ಮಟ್ಟಿಗೆ ಬಾ. ಕಾಲಿಗೆ ಬೀಳುತ್ತೇನೆ ಅಂದರೆ ಅಪ್ಪ ನಾಟಕ ಮಾಡುತ್ತಾನೆ ಅನ್ನುತ್ತೀಯ, ಆದರೂ ಅಂದಿದ್ದೇನೆ.

ಮಗು ಹೇಗಿದೆ?

ಅಪ್ಪ


ಮೇ 6

ಅಪ್ಪನಿಗೆ,

ನಾನು ಬರುವುದಿಲ್ಲ. ನಿಮ್ಮ ಪತ್ರವನ್ನು ಎರಡನೆಯ ಸಲ ಓದುವ ಶಕ್ತಿ ನನಗಿಲ್ಲ.

ಶಾಯಿಗಳನ್ನು ಇಲ್ಲಿಗೆ ಕಳಿಸಿ. ಗಾಢ ಹಳದಿ, ಕಿತ್ತಳೆ, ಬಣ್ಣವಿಲ್ಲದ ತೆಳು ಶಾಯಿ. ಕಲಸುವ ಚಾಕು, ಕಾರ್ಡಿನದೇ ಕಾಗದ. ನನ್ನ ಹತ್ತಿರ ಹಳೆಯ ಕಾರ್ಡಿದೆ, ಔಷಧಿ ತೂಗುವ ತಕ್ಕಡಿ ಇದೆ.

ಮಗಳು


ಮೇ 17

ಅಪ್ಪನಿಗೆ,

ಡಬ್ಬಿಗಳು ಒಡೆಯದೆ ತಲುಪಿದವು. ಮುಚ್ಚಳ ತೆಗೆದಾಗ ಬಂದ ವಾಸನೆಗೆ ನನ್ನ ಕೋಣೆಯೇ ಮೆಷಿನ್ ರೂಮಾಯಿತು.

ಭಾನುವಾರ ರಜೆ ಇತ್ತು. ಕಿಟಕಿಯ ಗಾಜೊಂದನ್ನು ಬಿಚ್ಚಿ ಮೇಜಿನ ಮೇಲಿಟ್ಟು ಕಲಸಿದೆ. ಬೆಳಗ್ಗೆ ಒಂಬತ್ತರಿಂದ ಹನ್ನೊಂದು, ನೇರ ಬಿಸಿಲು ಬೀಳದ ಹೊತ್ತು. ನೀವು ಹೇಳಿಕೊಟ್ಟ ಹಾಗೆ ಬೆರಳ ತುದಿಗೆ ಹಚ್ಚಿಕೊಂಡು ಕಾಗದದ ಮೇಲೆ ತಟ್ಟಿ ತಟ್ಟಿ ತೆಳುವಾಗಿಸಿದೆ. ಹನ್ನೊಂದು ಪಟ್ಟಿ ಮಾಡಿದೆ. ಒದ್ದೆಯಲ್ಲಿ ಸರಿ ಕಂಡದ್ದೆಲ್ಲ ಒಣಗಿದ ಮೇಲೆ ಮಂಕಾಯಿತು. ಒದ್ದೆಯಲ್ಲಿ ಒಂದು ಎಳೆ ಮುಂದಿರಬೇಕು ಎಂದು ಆಗ ನೆನಪಾಯಿತು, ಅದೂ ನಿಮ್ಮದೇ ಪಾಠ. ನಿಮ್ಮನ್ನು ಮನಸಾರೆ ಬೈಯಲು ಹೋದರೂ ನೀವು ಕಲಿಸಿದ್ದೇ ಅಡ್ಡ ಬರುತ್ತದೆ, ಇದಕ್ಕೇನು ಮಾಡಲಿ?

ಏಳನೆಯ ಪಟ್ಟಿ ಹಳೆಯ ಐದಕ್ಕೆ ಹೊಂದಿದೆ. ಗಾಢ ಹಳದಿ ನೂರು ಪಾಲು, ಕಿತ್ತಳೆ ಆರು, ತೆಳು ಶಾಯಿ ಹನ್ನೆರಡು. ಡಬ್ಬಿಯ ಮುಚ್ಚಳದ ಮೇಲೆ ಬರೆಯಬೇಡಿ, ಗೋಡೆಯ ಮೇಲೆ ಬರೆಯಿರಿ.

ನಮ್ಮ ಪಕ್ಕದ ಕೇಂದ್ರದವಳಿಗೆ ನಿಮ್ಮ ಪತ್ರ ತಲುಪಿದೆ. "ಯಾರೋ ಪ್ರೆಸ್ಸಿನ ತಾತ ಅಂತೆ, ತಾನೇ ತಪ್ಪು ಮಾಡ್ದೆ ಅಂತ ಬರ್ದಿದಾನೆ, ತಲೆ ಕೆಟ್ಟಿರಬೇಕು" ಎಂದು ನಕ್ಕಳು. ಅದು ನನ್ನ ಅಪ್ಪ ಎಂದೆ. ಅವಳ ಎದುರಿಗೇ ಕಾರ್ಡನ್ನು ಹರಿದು ಹಾಕಿಸಿದೆ.

ಮಗಳು


ಮೇ 27

ಮಗಳೇ,

ನೀನು ಹೇಳಿದ ಅಳತೆಯಲ್ಲೇ ಶಾಯಿ ಕಲಸಿದೆ, ಗೋಡೆಯ ಮೇಲೂ ಬರೆದೆ. ಆದರೆ ಅಳತೆ ಸರಿಯಿದ್ದರೂ ಮೆಷಿನ್ನಿನಲ್ಲಿ ಶಾಯಿ ಎಷ್ಟು ದಪ್ಪ ಕೂರಬೇಕು ಎಂಬುದನ್ನು ಕಣ್ಣೇ ಹೇಳಬೇಕು. ಹಾಗಾಗಿ ತೆಳು, ಮಧ್ಯಮ, ದಪ್ಪ ಅಂತ ಮೂರು ಹಾಳೆ ತೆಗೆದು ಹಿಂಬದಿಗೆ ಒಂದು, ಎರಡು, ಮೂರು ಎಂದು ಬರೆದು ಕಳಿಸಿದ್ದೇನೆ. ಸರಿ ಕಂಡದ್ದರ ಮೇಲೆ ನೀನೇ ಸಹಿ ಹಾಕಬೇಕು. ಮೂಲೆಯಲ್ಲಿ ಪಾಸು ಮಾಡಿದವರ ಜಾಗ ಖಾಲಿ ಇದೆ.

ಚಿಕ್ಕ ಯಜಮಾನರು, "ಒಂದು ಸಹಿಗೋಸ್ಕರ ಮೆಷಿನ್ ನಿಲ್ಲಿಸ್ತೀರಾ? ಅವರೇನು ಪ್ರೆಸ್ಸಿನವರಾ?" ಅಂತ ಹಾರಾಡಿದರು. "ಪ್ರೆಸ್ಸಿನವಳೇ, ನಾನೇ ಹೊರಗಿಟ್ಟಿದ್ದೆ" ಅಂದೆ. ನಿನ್ನ ಸಹಿ ಬರುವವರೆಗೆ ಮೆಷಿನ್ನಿಗೆ ಅಡ್ಡ ನಿಂತಿರುತ್ತೇನೆ, ಬೇಗ ಕಳಿಸು. ಪ್ಲೇಟಿನ ಮೇಲೆ ಈ ಸಲ ನನ್ನ ಮೂರು ಗೆರೆ ಇಲ್ಲ.

ಮೂರನೇ ಸಲ ಕೇಳುತ್ತಿದ್ದೇನೆ, ಮಗು ಹೇಗಿದೆ?

ಅಪ್ಪ


ಜೂನ್ 2

ಎರಡನೆಯದು. ಸಹಿ ಹಾಕಿದ್ದೇನೆ. ಓಡಿಸಿ.


ಜುಲೈ 15

ಮಗಳೇ,

ಹೊಸ ಕಾರ್ಡು ಎಲ್ಲ ಕೇಂದ್ರಗಳಿಗೂ ಹೋಯಿತು. ನನ್ನ ಪತ್ರಕ್ಕೆ ಇವತ್ತಿನವರೆಗೆ ನೂರ ತೊಂಬತ್ತು ಕಡೆಯಿಂದ ಆ ತಪ್ಪು ಕಾರ್ಡುಗಳು ವಾಪಸು ಬಂದಿವೆ. ಉಳಿದವರು ಸುಮ್ಮನಿದ್ದಾರೆ. ಬಾರದವುಗಳದೇ ಚಿಂತೆ. ಯಾವ ಗೋಡೆಯ ಮೊಳೆಗೆ ತೂಗುತ್ತಿವೆಯೋ, ಯಾರು ಅವನ್ನು ನಂಬಿಕೊಂಡಿದ್ದಾರೋ. ಎರಡನೇ ಸಲ ಬರೆಯಲು ಶುರು ಮಾಡಿದ್ದೇನೆ.

ಬಲಗಣ್ಣಿನ ಆಪರೇಷನ್ನು ಆಯಿತು. ಪಟ್ಟಿ ಬಿಚ್ಚಿದಾಗ ಎದುರಿಗೆ ಅಮ್ಮ ನಿಂತಿದ್ದಳು. ಅವಳ ಕೂದಲು ಅಷ್ಟು ಬೆಳ್ಳಗಾಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅಂಗಿಗಳೂ ಬಿಳಿಯೇ. "ಐದು ವರ್ಷ ಸುಮ್ಸುಮ್ನೆ ಬೈಸ್ಕೊಂಡೆ" ಎಂದು ಅವಳು ನಗುತ್ತ ಅತ್ತಳು.

ಮನೆಗೆ ಬಂದವನೇ ವಾಪಸು ಬಂದ ಕಾರ್ಡುಗಳ ಕಟ್ಟು ಬಿಚ್ಚಿ ಬಾಗಿಲಲ್ಲಿ ನಿಂತು ನೋಡಿದೆ. ಇಟ್ಟಿಗೆಯೇ ಮಗಳೇ. ಎಂಥ ಕುರುಡನಿಗೂ ಕಾಣುವಂಥ ಇಟ್ಟಿಗೆ. ಎಡಗಣ್ಣು ಮುಚ್ಚಿದರೆ ಇಟ್ಟಿಗೆ, ಬಲಗಣ್ಣು ಮುಚ್ಚಿದರೆ ಹಳದಿ. ಎಷ್ಟು ಹೊತ್ತು ಹಾಗೆ ಒಂದೊಂದೇ ಕಣ್ಣು ಮುಚ್ಚಿ ತೆರೆದು ಮಾಡುತ್ತ ನಿಂತಿದ್ದೆನೋ, ಅಮ್ಮ ಬಂದು ಕೈಯಿಂದ ಕಿತ್ತುಕೊಂಡಳು. ಡಾಕ್ಟರು ಅಳಬೇಡಿ ಅಂದಿದ್ದರು. ಆಗಲಿಲ್ಲ.

ಮೆಷಿನ್ ಬಿಟ್ಟೆ. ಮಗುವಿನ ವಿಷಯ ನೀನು ಬರೆಯದೇ ಇರುವುದೇ ಉತ್ತರವೋ ಏನೋ ಎಂದು ಹೆದರಿಕೆ. ಏನಿದ್ದರೂ ಬರೆ. ಗೊತ್ತಿಲ್ಲದೆ ಇರುವುದಕ್ಕಿಂತ ಅದೇ ವಾಸಿ.

ಅಪ್ಪ


ಸೆಪ್ಟೆಂಬರ್ 23

ಅಪ್ಪಾ,

ನಿನ್ನ ಕಣ್ಣು ಹೇಗಿದೆ? ಎಡಗಣ್ಣಿನದೂ ಆಯಿತೆಂದು ಅಮ್ಮ ಬರೆದಿದ್ದಳು.

ಹೊಸ ಕಾರ್ಡಿನಲ್ಲಿ ಮೂರು ಮಕ್ಕಳು ಐದಕ್ಕೆ ಹೊಂದಿದರು. ಮೂವರನ್ನೂ ಆ ಗಳಿಗೆಯಲ್ಲೇ ಕಳಿಸಿದೆ, ಮೂವರೂ ಚೆನ್ನಾಗಿದ್ದಾರೆ. ನಿನಗೆ ತಿಳಿದಿರಲಿ ಎಂದು ಇದನ್ನು ಮೊದಲು ಬರೆದೆ.

ಆ ಮಗುವಿಗೆ ಈಗ ಏಳು ತಿಂಗಳು. ಹೋದ ತಿಂಗಳು ಅವರ ಮನೆಗೆ ಹೋಗಿದ್ದೆ. ತಾಯಿ ಹೊಲಿಗೆ ಮೆಷಿನ್ ತುಳಿಯುತ್ತಿದ್ದಳು, ಮಗು ಅದರ ಬುಡದಲ್ಲೇ ಬಟ್ಟೆಯ ತುಂಡುಗಳ ಮೇಲೆ ಮಲಗಿತ್ತು. "ಎಷ್ಟ್ ಒಳ್ಳೇವ್ನು ಗೊತ್ತಾ ಸಿಸ್ಟರ್, ಇಷ್ಟ್ ಸದ್ದಲ್ಲೂ ಏಳಲ್ಲ, ನಂಗೆ ಕೆಲ್ಸಕ್ಕೆ ತೊಂದ್ರೇನೇ ಕೊಡಲ್ಲ" ಎಂದು ಹೆಮ್ಮೆಪಟ್ಟಳು. ನಾನು ಅದು ಏಳುವವರೆಗೆ ಕಾದೆ. ಮಗು ಎದ್ದ ಮೇಲೆ ಅದರ ಬೆನ್ನ ಹಿಂದೆ ಸ್ಟೀಲಿನ ತಟ್ಟೆಯೊಂದನ್ನು ನೆಲಕ್ಕೆ ಬಿಟ್ಟೆ. ಪಕ್ಕದ ಮನೆಯವರು ಬಾಗಿಲಿಗೆ ಬಂದು ಏನಾಯಿತು ಎಂದು ಕೇಳಿದರು. ಮಗು ತಿರುಗಲಿಲ್ಲ.

ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದೆ. ಎರಡೂ ಕಿವಿ ಕೇಳುವುದಿಲ್ಲ. ಕಾಮಾಲೆಯಿಂದಲೇ ಎಂದರು. ಮಿಕ್ಕಂತೆ ಮಗು ಚುರುಕಾಗಿದೆ, ನಗುತ್ತದೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ಇಷ್ಟು ದಿನ ನೀನು ಕೇಳುತ್ತಲೇ ಇದ್ದೆ, ನಾನು ಬರೆಯಲಿಲ್ಲ. ಬರೆದರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ ನನಗೂ ಇತ್ತು.

ನಿನ್ನೆ ಮತ್ತೆ ಅವಳ ಮನೆಗೆ ಹೋದೆ. ತಾನು ನನಗೆ ಋಣಿ ಎಂದು ಅವಳು ತಿಳಿದುಕೊಂಡಿರುವವರೆಗೆ ನನಗೆ ಅವಳ ಮುಖ ನೋಡಲಾಗದು ಅನಿಸಿತ್ತು. ಎಲ್ಲವನ್ನೂ ಹೇಳಿದೆ. ಕಾರ್ಡು ಅಚ್ಚು ಮಾಡಿದ್ದು ನನ್ನ ಅಪ್ಪ ಎಂದೆ. ಅದಕ್ಕೆ ಬೇಕಾದ ಶಾಯಿ ಹಾಕದೆ ಬೇರೆ ಶಾಯಿಯಲ್ಲಿ ಮಾಡಿದರು ಎಂದೆ. ನನ್ನ ಕಣ್ಣು ಸರಿಯಾಗಿಯೇ ಹೇಳಿತ್ತು, ನಾನು ಅದನ್ನು ಬಿಟ್ಟು ಕಾರ್ಡನ್ನು ನಂಬಿದೆ, ಒಂದು ರಾತ್ರಿ ಕಳೆದುಹೋಯಿತು ಎಂದೆ. ಅವಳು ಬೈಯಲಿಲ್ಲ. ಬೈದರೆ ಸಾಕು ಎಂದು ನಾನು ಕಾಯುತ್ತಿದ್ದೆ. "ಎಲ್ಲಿ, ಆ ಕಾರ್ಡ್ ತೋರ್ಸಿ" ಅಂದಳು.

ಆ ಕಾರ್ಡನ್ನೂ ನಾವಿಬ್ಬರು ಮಾಡಿದ ಕಾರ್ಡನ್ನೂ ಕೊಟ್ಟೆ. ಎದ್ದು ಬಾಗಿಲ ಬೆಳಕಿಗೆ ಹೋದಳು. ದಿನವೆಲ್ಲ ಬಣ್ಣದ ದಾರ ಹೊಂದಿಸುವವಳು ಅವಳು, ಎರಡನ್ನೂ ಪಕ್ಕಪಕ್ಕ ಹಿಡಿದು, ಅದಲು ಬದಲು ಮಾಡಿ, ಬೆರಳಿಟ್ಟು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಇಷ್ಟೇನಾ ಸಿಸ್ಟರ್? ಇಷ್ಟೇ ಇಷ್ಟು ವ್ಯತ್ಯಾಸಕ್ಕಾ?" ಅಂದಳು.

ಅವಳ ಹಿಂದೆ ಮಗು ದಾರದ ಉಂಡೆ ಹಿಡಿದುಕೊಂಡು ತನ್ನ ಪಾಡಿಗೆ ನಗುತ್ತಿತ್ತು. ಅವಳು ಅದನ್ನು ಹೆಸರು ಹಿಡಿದು ಕರೆದಳು. ಇನ್ನೊಮ್ಮೆ ಕರೆದಳು. ಆಮೇಲೆ ಹೋಗಿ ಎತ್ತಿಕೊಂಡಳು.

ಅಪ್ಪಾ, ಭಾನುವಾರ ನಾನು ಮತ್ತೆ ಅಲ್ಲಿಗೆ ಹೋಗಬೇಕು. ಈ ಸಲ ನೀನೂ ಬಾ.

ನಿನ್ನ ಮಗಳು